ವಿಸ್ಕಿಯ ಕಟಕಟೆಯಲ್ಲಿ ಮೂಗಿನ ಸಾಕ್ಷಿ

ಸ್ವಿಟ್ಜರ್ಲೆಂಡಿನ ಸೇಂಟ್ ಮಾರಿಟ್ಜ್ ಎಂಬ ಊರಿನ ಹೋಟೆಲೊಂದಕ್ಕೆ 2017ರ ಬೇಸಿಗೆಯಲ್ಲಿ ಚೀನದ ಒಬ್ಬ ಕಾದಂಬರಿಕಾರ ಬಂದಿಳಿದ. ಹೋಟೆಲಿನ ಬಾರಿನಲ್ಲಿ ನೂರಾರು ಬಗೆಯ ವಿಸ್ಕಿ ಬಾಟಲಿಗಳಿದ್ದವು. ಅವುಗಳಲ್ಲಿ ಒಂದರ ಮೇಲೆ ‘ಮಕ್ಯಾಲನ್ 1878’ ಎಂಬ ಚೀಟಿ ಅಂಟಿತ್ತು. ಅದುವರೆಗೆ ಅದರ ಬಿರಡೆ ತೆಗೆದವರಿರಲಿಲ್ಲ. ಅತಿಥಿಯ ಕೋರಿಕೆಯ ಮೇರೆಗೆ ಬಾಟಲಿ ತೆರೆಯಿತು. ಎರಡು ಸೆಂಟಿಲೀಟರ್, ಅಂದರೆ ನಾಲ್ಕು ಚಹಾ ಚಮಚದಷ್ಟು ವಿಸ್ಕಿಗೆ ಆತ ತೆತ್ತ ಬೆಲೆ 9,999 ಸ್ವಿಸ್ ಫ್ರಾಂಕ್. ಕುಡಿದವನಿಗೆ ಸಂತೋಷವಾಯಿತು. ಸುದ್ದಿ ಪತ್ರಿಕೆಗಳಲ್ಲಿ ಬಂತು.

ಸುದ್ದಿಯ ಜೊತೆಗಿದ್ದ ಚಿತ್ರ ನೋಡಿದ ಕೆಲವು ತಜ್ಞರಿಗೆ ಬಾಟಲಿಯ ಚೀಟಿ ಮತ್ತು ಬಿರಡೆಯ ಮೇಲೆ ಅನುಮಾನ ಮೂಡಿತು. ಹೋಟೆಲಿನವರು ಮಾದರಿಯನ್ನು ಪರೀಕ್ಷೆಗೆ ಕಳಿಸಿದರು. ಆಕ್ಸ್‌ಫರ್ಡಿನಲ್ಲಿ ನಡೆದ ಇಂಗಾಲ ಕಾಲನಿರ್ಣಯದ ಪ್ರಕಾರ ಆ ದ್ರವ ಬಹುತೇಕ 1970ರಿಂದ 1972ರ ನಡುವಿನದು. ಅದು ಅಪ್ಪಟ ಮಾಲ್ಟ್ ವಿಸ್ಕಿಯೂ ಅಲ್ಲ. ಮಾಲ್ಟಿನ ಜೊತೆಗೆ ಅಗ್ಗದ ಧಾನ್ಯದ ವಿಸ್ಕಿ ಬೆರೆಸಿದ ಮಿಶ್ರಣ ಎಂದು ಮತ್ತೊಂದು ಪ್ರಯೋಗಾಲಯ ಹೇಳಿತು. ಹೋಟೆಲಿನ ಮುಖ್ಯಸ್ಥರು ಚೀನಕ್ಕೆ ಹೋಗಿ ಹಣ ಹಿಂದಿರುಗಿಸಿ ಬಂದರು.

ಇಲ್ಲಿ ಮೋಸಹೋದದ್ದು ಯಾವುದು? ನಾಲಿಗೆಯೇ, ಕಣ್ಣೇ? ಚೀಟಿ ಮುಚ್ಚಿಟ್ಟು ಅದೇ ನಾಲ್ಕು ಚಮಚವನ್ನು ಕೊಟ್ಟಿದ್ದರೆ ಆತ ಅಷ್ಟೇ ಸಂತೋಷಪಡುತ್ತಿದ್ದನೇ? ವಿಸ್ಕಿಯನ್ನು ಹವ್ಯಾಸವಾಗಿ ಮೂಸಿ, ಸವಿದು, ಒಂದನ್ನು ಇನ್ನೊಂದರ ಜೊತೆ ಹೋಲಿಸಿ ನೋಡುವವರು ಇಂದು ಲೋಕದ ಎಲ್ಲೆಡೆ ಇದ್ದಾರೆ. ಲೋಟದೊಳಗೆ ಇರುವುದನ್ನು ಹೇಳಬೇಕಾದ್ದು ಹೆಸರೋ, ಕಾನೂನೋ, ಇಲ್ಲ ಮೂಗು ನಾಲಿಗೆಗಳೋ ಎಂಬುದು ಅವರೆಲ್ಲರ ಮುಂದಿರುವ ಪ್ರಶ್ನೆ. ಈ ಪ್ರಶ್ನೆಗೆ ದೀರ್ಘವಾದ ಚರಿತ್ರೆಯಿದೆ. ಅದರ ಒಂದು ಅಧ್ಯಾಯ ನಮ್ಮ ಬೆಂಗಳೂರಿನದೂ ಹೌದು.

ಸನ್ಯಾಸಿಯ ಬಾರ್ಲಿ

ಸ್ಕಾಟ್ಲೆಂಡಿನಲ್ಲಿ ಭಟ್ಟಿ ಇಳಿಸಿದ್ದರ ಬಗ್ಗೆ ಸಿಗುವ ಮೊದಲ ಬರವಣಿಗೆ ರಾಜನ ಬೊಕ್ಕಸದ ಲೆಕ್ಕಪುಸ್ತಕದಲ್ಲಿದೆ. ನಾಲ್ಕನೆಯ ಜೇಮ್ಸ್ ದೊರೆಯ ಕಾಲದ, 1494ರ ಆಸುಪಾಸಿನ ಒಂದು ಸಾಲು ಅದು. ಜಾನ್ ಕಾರ್ ಎಂಬ ಕ್ರೈಸ್ತ ಸನ್ಯಾಸಿಗೆ ‘ಜೀವಜಲ’ ತಯಾರಿಸಲು ಎಂಟು ಅಳತೆ ಮಾಲ್ಟ್ ಕೊಟ್ಟದ್ದಾಗಿ ಅಲ್ಲಿ ನಮೂದಾಗಿದೆ. ಲ್ಯಾಟಿನ್ನಿನ ಈ ‘ಜೀವಜಲ’ವನ್ನು ಗೇಲಿಕ್ ಭಾಷೆಯವರು ‘ಉಷ್ಕ ಬಾಹ’ ಎಂದರು. ಅದರ ಮೊದಲರ್ಧವೇ ಸವೆದು ಸವೆದು ‘ವಿಸ್ಕಿ’ ಆಯಿತು.

ಮಾಲ್ಟ್ ಎಂದರೆ ನೆನೆಸಿ, ಮೊಳಕೆ ಬರಿಸಿ, ಒಣಗಿಸಿದ ಬಾರ್ಲಿ. ನಮ್ಮಲ್ಲಿ ಮಗುವಿನ ಅಂಬಲಿಗೆ ರಾಗಿಯನ್ನು ಮೊಳಕೆ ಕಟ್ಟಿ ಒಣಗಿಸುವುದಿಲ್ಲವೇ, ಹಾಗೆ. ಮೊಳಕೆಯೊಡೆದಾಗ ಕಾಳಿನ ಪಿಷ್ಟ ಸಕ್ಕರೆಯಾಗಲು ಅಣಿಯಾಗುತ್ತದೆ. ಅದನ್ನು ಬಿಸಿನೀರಿನಲ್ಲಿ ಕಲಸಿ, ಹುಳಿ ಬರಿಸಿ, ತಾಮ್ರದ ಹಂಡೆಯಲ್ಲಿ ಕಾಯಿಸಿ ಆವಿಯನ್ನು ತಣಿಸಿದರೆ ಬಣ್ಣವಿಲ್ಲದ ಮದ್ಯ ಇಳಿಯುತ್ತದೆ. ಅದಕ್ಕೆ ಬಣ್ಣವೂ ಬಹುಪಾಲು ಪರಿಮಳವೂ ಬರುವುದು ಓಕ್ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಮಲಗಿದ ಮೇಲೆ.

ಬಹಳ ಕಾಲ ಇದು ಬೆಟ್ಟಗಾಡಿನ ಕಳ್ಳಭಟ್ಟಿಯ ಸರಕಾಗಿತ್ತು. 1823ರ ಅಬಕಾರಿ ಕಾಯ್ದೆ ಸುಂಕವನ್ನು ತಗ್ಗಿಸಿ, ಪರವಾನಗಿ ಪಡೆದು ಭಟ್ಟಿ ನಡೆಸುವುದನ್ನು ಲಾಭದಾಯಕವಾಗಿಸಿತು. ಮರುವರ್ಷ ಗ್ಲೆನ್‌ಲಿವೆಟ್ ಕಣಿವೆಯ ಜಾರ್ಜ್ ಸ್ಮಿತ್ ಪರವಾನಗಿ ಪಡೆದಾಗ ಕಳ್ಳಭಟ್ಟಿಯ ನೆರೆಹೊರೆಯವರು ಸಿಟ್ಟಾದರು. ಆತ ಸೊಂಟದಲ್ಲಿ ಜೋಡಿ ಪಿಸ್ತೂಲು ಸಿಕ್ಕಿಸಿಕೊಂಡು ಓಡಾಡಬೇಕಾಯಿತು.

ಮುಂದಿನ ತಿರುವು ತಂದದ್ದು ಯಂತ್ರ. ಐರ್ಲೆಂಡಿನ ನಿವೃತ್ತ ಅಬಕಾರಿ ಅಧಿಕಾರಿ ಈನಿಯಸ್ ಕಾಫಿ 1830ರಲ್ಲಿ ಹೊಸ ಬಗೆಯ ಭಟ್ಟಿಗೆ ಪೇಟೆಂಟ್ ಪಡೆದ. ತಾಮ್ರದ ಹಂಡೆಯಲ್ಲಿ ಒಂದು ಸಲ ಬೇಯಿಸಿ, ತೊಳೆದು, ಮತ್ತೆ ತುಂಬಬೇಕು. ಕಾಫಿಯ ಎತ್ತರದ ಕಂಬದಂಥ ಯಂತ್ರ ನಿಲ್ಲದೆ ಓಡುತ್ತಿತ್ತು. ಮಾಲ್ಟ್ ಆಗದ ಅಗ್ಗದ ಧಾನ್ಯ, ಮೆಕ್ಕೆಜೋಳ ಎಲ್ಲವೂ ಅದಕ್ಕೆ ನಡೆಯುತ್ತಿತ್ತು. ಇಳಿಯುತ್ತಿದ್ದ ಮದ್ಯ ಹಗುರ, ಪರಿಮಳ ಕಡಿಮೆ. ಸ್ವಾರಸ್ಯವೆಂದರೆ, ಐರ್ಲೆಂಡಿನ ದೊಡ್ಡ ಭಟ್ಟಿದಾರರು ತಮ್ಮವನೇ ಕಂಡುಹಿಡಿದ ಈ ಯಂತ್ರವನ್ನು ಒಲ್ಲೆ ಎಂದರು. ಸ್ಕಾಟ್ಲೆಂಡಿನವರು ಕೈನೀಡಿ ತೆಗೆದುಕೊಂಡರು.

ಎಡಿನ್‌ಬರೋದ ಆಂಡ್ರೂ ಅಷರ್‌ನಂಥ ವ್ಯಾಪಾರಿಗಳು ಗಾಢವಾದ ಮಾಲ್ಟ್ ವಿಸ್ಕಿಯನ್ನು ಈ ಹಗುರ ಮದ್ಯದೊಡನೆ ಹದವರಿತು ಬೆರೆಸಿದರು. 1860ರ ಕಾಯ್ದೆ ಇದಕ್ಕೆ ಅನುಕೂಲ ಮಾಡಿಕೊಟ್ಟಿತು. ಅದೇ ದಶಕದಿಂದ ಫ್ರಾನ್ಸಿನ ದ್ರಾಕ್ಷಿ ತೋಟಗಳನ್ನು ಫಿಲಾಕ್ಸೆರಾ ಎಂಬ ಹೇನು ತಿಂದುಹಾಕತೊಡಗಿ ಬ್ರಾಂದಿ ದುರ್ಲಭವಾಯಿತು. ಖಾಲಿಯಾದ ಜಾಗದಲ್ಲಿ ಈ ಮಿಶ್ರ ಸ್ಕಾಚ್ ಬಂದು ಕುಳಿತಿತು. ಮುಂದೆ ಸೂರ್ಯ ಮುಳುಗದ ಸಾಮ್ರಾಜ್ಯದ ಉದ್ದಗಲಕ್ಕೂ, ನಮ್ಮ ದಂಡು ಪ್ರದೇಶಗಳ ಕ್ಲಬ್ಬುಗಳಿಗೂ ತಲುಪಿದ್ದು ಇದೇ.

ಕೋರ್ಟಿಗೆ ಹೋದ ಪ್ರಶ್ನೆ

ಹಳೆಯ ಹಂಡೆಯವರಿಗೆ ಇದು ಸಹಿಸದಾಯಿತು. ಯಂತ್ರದ ಮದ್ಯ ವಿಸ್ಕಿಯೇ ಅಲ್ಲ ಎಂದು ಡಬ್ಲಿನ್ನಿನ ಪ್ರಮುಖ ಭಟ್ಟಿದಾರರು 1870ರ ದಶಕದ ಕೊನೆಯಲ್ಲಿ ಪುಸ್ತಕವನ್ನೇ ಅಚ್ಚು ಹಾಕಿಸಿದರು. ಜಗಳ ನ್ಯಾಯಾಲಯ ಮುಟ್ಟಿದ್ದು 1905ರಲ್ಲಿ. ಲಂಡನ್ನಿನ ಇಸ್ಲಿಂಗ್ಟನ್ ಬಡಾವಣೆಯ ಸ್ಥಳೀಯ ಸಂಸ್ಥೆ ಇಬ್ಬರು ಮದ್ಯ ಮಾರಾಟಗಾರರ ಮೇಲೆ ಮೊಕದ್ದಮೆ ಹೂಡಿತು. ಆಧಾರ, ಆಹಾರ ಕಲಬೆರಕೆ ತಡೆಯುವ 1875ರ ಕಾಯ್ದೆ. ಹಾಲಿಗೆ ನೀರು ಬೆರೆಸುವವರನ್ನು ಹಿಡಿಯುವ ಕಾನೂನೇ ಅದು. ಗಿರಾಕಿ ಕೇಳಿದ್ದು ವಿಸ್ಕಿ, ಕೊಟ್ಟದ್ದು ಬೇರೆ ಏನೋ ಎಂಬುದು ಆರೋಪ.

ಕೇಳುವುದಕ್ಕೆ ಸಣ್ಣ ಮೊಕದ್ದಮೆ. ಆದರೆ ಅದರ ಹಿಂದೆ ಇಡೀ ಉದ್ಯಮದ ಅಳಿವು ಉಳಿವು ಅಡಗಿತ್ತು. ಎರಡೂ ಕಡೆ ರಸಾಯನ ಶಾಸ್ತ್ರಜ್ಞರು, ವ್ಯಾಪಾರಿಗಳು ಸಾಕ್ಷಿ ನುಡಿದರು. 1906ರ ಫೆಬ್ರುವರಿಯಲ್ಲಿ ಮ್ಯಾಜಿಸ್ಟ್ರೇಟರು ತೀರ್ಪು ಕೊಟ್ಟರು: ಯಂತ್ರದ ಮದ್ಯ ವಿಸ್ಕಿ ಅಲ್ಲ, ಆರೋಪಿಗಳು ತಪ್ಪಿತಸ್ಥರು. ಧಾನ್ಯದ ವಿಸ್ಕಿಯ ದೊಡ್ಡ ಉತ್ಪಾದಕರಾಗಿದ್ದ ಡಿಸ್ಟಿಲರ್ಸ್ ಕಂಪನಿಯವರು ಅದೇ ವರ್ಷ ತಮ್ಮ ಕ್ಯಾಂಬಸ್ ಭಟ್ಟಿಯ ಅಪ್ಪಟ ಧಾನ್ಯದ ವಿಸ್ಕಿಯನ್ನು ಬಾಟಲಿಗೆ ತುಂಬಿ ಭರ್ಜರಿ ಜಾಹೀರಾತು ಕೊಟ್ಟರು. ಗ್ಯಾಲನ್‌ಗಟ್ಟಲೆ ಕುಡಿದರೂ ತಲೆನೋವು ಬಾರದು ಎಂಬುದು ಅದರ ಧಾಟಿ! ಮೇಲ್ಮನವಿ ವಿಚಾರಣೆಯಲ್ಲಿ ನ್ಯಾಯಪೀಠದ ಮತ ಸಮಸಮವಾಗಿ ಸೀಳಿ ಏನೂ ನಿರ್ಧಾರವಾಗಲಿಲ್ಲ.

ಕೊನೆಗೆ ಸರ್ಕಾರ 1908ರಲ್ಲಿ ರಾಯಲ್ ಕಮಿಷನ್ ನೇಮಿಸಿತು. 1909ರಲ್ಲಿ ವರದಿ ಬಂತು. ಧಾನ್ಯವನ್ನು ಕಲಸಿ, ಮಾಲ್ಟಿನ ಕಿಣ್ವದಿಂದ ಸಕ್ಕರೆಯಾಗಿಸಿ, ಭಟ್ಟಿ ಇಳಿಸಿದ್ದೆಲ್ಲ ವಿಸ್ಕಿ. ಅದು ಸ್ಕಾಟ್ಲೆಂಡಿನಲ್ಲಿ ಇಳಿದರೆ ಸ್ಕಾಚ್. ಹಂಡೆಯೋ ಯಂತ್ರವೋ ಎಂಬುದು ಲೆಕ್ಕಕ್ಕಿಲ್ಲ. ಮಿಶ್ರ ವಿಸ್ಕಿಯವರು ಗೆದ್ದರು.

ಈ ವ್ಯಾಖ್ಯೆಯನ್ನು ಇನ್ನೊಮ್ಮೆ ಓದಿ ನೋಡಬೇಕು. ಅದರಲ್ಲಿ ಧಾನ್ಯವಿದೆ, ವಿಧಾನವಿದೆ, ದೇಶವಿದೆ. ರುಚಿಯ ಮಾತೇ ಇಲ್ಲ. ಮಹಾಯುದ್ಧದ ಕಾಲದ 1915ರ ಕಾಯ್ದೆಯಿಂದ ಪೀಪಾಯಿಯ ವಾಸ ಕಡ್ಡಾಯವಾಗಿ, ಅದರ ಅವಧಿ ಎರಡರಿಂದ ಮೂರು ವರ್ಷಕ್ಕೆ ಏರಿತು. 2009ರ ನಿಯಮಾವಳಿ ಇನ್ನಷ್ಟು ಬಿಗಿ: ಸ್ಕಾಟ್ಲೆಂಡಿನಲ್ಲೇ, 700 ಲೀಟರಿಗೆ ಮೀರದ ಓಕ್ ಪೀಪಾಯಿಯಲ್ಲಿ, ಕನಿಷ್ಠ ಮೂರು ವರ್ಷ ಮಾಗಬೇಕು, ಬಾಟಲಿಯಲ್ಲಿ ಮದ್ಯಸಾರ ಶೇ 40ಕ್ಕಿಂತ ಕಡಿಮೆ ಇರಬಾರದು. ಸುವಾಸನೆ, ಸ್ವಾದ ಎಂಬ ಪದಗಳು ನಿಯಮದಲ್ಲಿ ಬರುವುದು ಕಚ್ಚಾವಸ್ತು, ತಯಾರಿಕೆ ಮತ್ತು ಮಾಗುವಿಕೆಯಿಂದ ಹುಟ್ಟಿದ್ದು ಉಳಿದಿರಬೇಕು ಎಂಬಷ್ಟಕ್ಕೇ. ಚೆನ್ನಾಗಿದೆಯೇ ಎಂಬುದನ್ನು ಕಾನೂನು ಕೇಳುವುದಿಲ್ಲ, ಕೇಳಲೂ ಆಗದು. ಆ ಕೆಲಸ ಬೇರೆಯವರಿಗೆ ಉಳಿಯಿತು.

ಮೂಗೇ ಮುಂದು

ರುಚಿ ನೋಡುವುದು ಎಂದರೆ ಕುಡಿಯುವುದು ಎಂದೇ ನಾವು ತಿಳಿಯುತ್ತೇವೆ. ಈ ವೃತ್ತಿಯವರಲ್ಲಿ ಹಾಗಲ್ಲ. ದಿನಕ್ಕೆ ನೂರಾರು ಪೀಪಾಯಿಗಳ ಮಾದರಿ ನೋಡಬೇಕಾದ ಮಿಶ್ರಣಕಾರ ಬಹುಪಾಲು ಮೂಸಿಯೇ ನಿರ್ಧರಿಸುತ್ತಾನೆ. ನಾಲಿಗೆಗೆ ಗೊತ್ತಾಗುವುದು ಸಿಹಿ, ಹುಳಿ, ಉಪ್ಪು, ಕಹಿ ಮುಂತಾದ ಕೆಲವೇ ರುಚಿಗಳು. ಸ್ವಾದ ಎಂದು ನಾವು ಕರೆಯುವುದರ ದೊಡ್ಡ ಪಾಲು ವಾಸನೆ. ನೆಗಡಿಯಾದಾಗ ಸಾರು ಸಪ್ಪೆ ಎನಿಸುವುದು ಇದರಿಂದಲೇ.

ಮಾದರಿಗೆ ನೀರು ಬೆರೆಸಿ ಮದ್ಯಸಾರವನ್ನು ಸುಮಾರು ಶೇ 20ಕ್ಕೆ ಇಳಿಸಿ ಮೂಸುವುದು ಮಿಶ್ರಣಕಾರರ ರೂಢಿ. ಬಾಯಿ ಕಿರಿದಾದ, ಹೊಟ್ಟೆ ಅಗಲವಾದ ಲೋಟದಲ್ಲಿ ಪರಿಮಳ ಒಟ್ಟುಗೂಡಿ ಮೂಗಿಗೆ ಬರುತ್ತದೆ. ಹವ್ಯಾಸಿಗಳಲ್ಲಿ ಈಗ ಬಳಕೆಯಲ್ಲಿರುವ ಗ್ಲೆನ್‌ಕೇರ್ನ್ ಲೋಟ 2001ರಲ್ಲಿ ಬಂದದ್ದು ಈ ಆಕಾರದಲ್ಲಿಯೇ. ನೀರು ಬೆರೆಸಿದರೆ ಪರಿಮಳ ಅರಳುತ್ತದೆಂಬ ಹಳಬರ ಮಾತಿಗೆ 2017ರಲ್ಲಿ ಸ್ವೀಡನ್ನಿನ ಇಬ್ಬರು ಸಂಶೋಧಕರು ಕಾರಣವನ್ನೂ ಕೊಟ್ಟರು. ಹೊಗೆಯ ವಾಸನೆ ಕೊಡುವ ಗ್ವಾಯಕಾಲ್ ಎಂಬ ಅಣು ಮದ್ಯಸಾರ ಹೆಚ್ಚಿದ್ದಾಗ ದ್ರವದ ಒಳಗೇ ಅವಿತಿರುತ್ತದೆ. ನೀರು ಸೇರಿದಾಗ ಮೇಲ್ಮೈಗೆ ಬರುತ್ತದೆ ಎಂದು ಅವರ ಗಣಕ ಲೆಕ್ಕಾಚಾರ ತೋರಿಸಿತು.

ಹೊಗೆಯ ಮಾತು ಬಂದದ್ದರಿಂದ ಪೀಟ್ ಬಗ್ಗೆ ಹೇಳಬೇಕು. ಜೌಗು ನೆಲದಲ್ಲಿ ಸಾವಿರಾರು ವರ್ಷ ಗಿಡಗಂಟಿ ಕೊಳೆತು ಗಟ್ಟಿಯಾದ ಉರುವಲು ಇದು. ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಐಲಾ ದ್ವೀಪದ ಹಲವು ಭಟ್ಟಿಗಳು ಮೊಳಕೆ ಬಾರ್ಲಿಯನ್ನು ಪೀಟ್ ಹೊಗೆಯಲ್ಲಿ ಒಣಗಿಸಿದ್ದನ್ನೇ ಬಳಸುತ್ತವೆ. ಲಗಾವುಲಿನ್, ಲಫ್ರಾಯ್ಗ್, ಆರ್ಡ್‌ಬೆಗ್ ವಿಸ್ಕಿಗಳನ್ನು ಮೂಸಿದವರಿಗೆ ಹಳ್ಳಿಯ ಬಚ್ಚಲೊಲೆಯ ಹೊಗೆಯೂ ಆಸ್ಪತ್ರೆಯ ಟಿಂಚರ್ ವಾಸನೆಯೂ ಒಟ್ಟಿಗೆ ನೆನಪಾದರೆ ತಪ್ಪಲ್ಲ. ಅದೇ ದೇಶದ ಸ್ಪೇ ನದಿಯ ಬಯಲಿನ ಅನೇಕ ವಿಸ್ಕಿಗಳಲ್ಲಿ ಹೊಗೆಯ ಸುಳಿವೇ ಇಲ್ಲ. ಅಲ್ಲಿ ಸೇಬು, ಪೇರುಹಣ್ಣು, ಜೇನು. ಷೆರ್ರಿ ವೈನಿದ್ದ ಪೀಪಾಯಿಯಾದರೆ ಒಣದ್ರಾಕ್ಷಿ.

ಒಬ್ಬನ ಜೇನು ಇನ್ನೊಬ್ಬನ ಬೆಲ್ಲವಾದರೆ ಹೋಲಿಕೆ ಹೇಗೆ? ಈ ತೊಡಕು ಬಿಡಿಸಲು ಎಡಿನ್‌ಬರೋದ ಪೆಂಟ್‌ಲ್ಯಾಂಡ್ಸ್ ಸ್ಕಾಚ್ ವಿಸ್ಕಿ ಸಂಶೋಧನಾ ಕೇಂದ್ರದವರು 1979ರಲ್ಲಿ ‘ಸ್ವಾದಚಕ್ರ’ವೊಂದನ್ನು ಪ್ರಕಟಿಸಿದರು. ಒಳಸುತ್ತಿನಲ್ಲಿ ಹಣ್ಣು, ಹೂವು, ಧಾನ್ಯ, ಹೊಗೆ, ಮರ ಎಂಬಂಥ ದೊಡ್ಡ ವರ್ಗಗಳು. ಹೊರಸುತ್ತಿನಲ್ಲಿ ಒಂದೊಂದರ ಕವಲುಗಳು. ಉದ್ಯಮದ ಒಳಬಳಕೆಗೆಂದು ಹುಟ್ಟಿದ ಈ ಪದಪಟ್ಟಿ ಹವ್ಯಾಸಿಗಳಿಗೂ ವ್ಯಾಕರಣವಾಯಿತು. ನಮ್ಮ ಕಾಫಿ ಮಂಡಳಿಯ ಪರೀಕ್ಷಕರು ಸಾಲಾಗಿ ಬಟ್ಟಲು ಇಟ್ಟು, ಚಮಚದಿಂದ ಹೀರಿ, ಉಗುಳಿ ಗುಣ ಗುರುತಿಸುವುದೂ ಇದೇ ಜಾತಿಯ ವಿದ್ಯೆ.

ಹೆಸರಿನ ಬದಲು ಸಂಖ್ಯೆ

ಇಷ್ಟಾದರೂ ಸಾಮಾನ್ಯ ಗಿರಾಕಿಗೆ ಬಹುಕಾಲ ಹೋಲಿಸಿ ನೋಡುವ ಅವಕಾಶವೇ ಇರಲಿಲ್ಲ. ಆಲ್ಫ್ರೆಡ್ ಬರ್ನಾರ್ಡ್ ಎಂಬ ಪತ್ರಕರ್ತ 1885ರಿಂದ ಎರಡು ವರ್ಷ ತಿರುಗಿ 161 ಭಟ್ಟಿಗಳನ್ನು ಕಂಡು 1887ರಲ್ಲಿ ದೊಡ್ಡ ಗ್ರಂಥ ಬರೆದ. ಅದರಲ್ಲಿ ಹಂಡೆಗಳ ಗಾತ್ರ, ನೀರಿನ ಮೂಲ, ಉತ್ಪಾದನೆಯ ಲೆಕ್ಕ ಎಲ್ಲವೂ ಇದೆ. ರುಚಿಯ ವಿವರ ಅತ್ಯಲ್ಪ. 1930ರಲ್ಲಿ ಈನಿಯಸ್ ಮ್ಯಾಕ್‌ಡೊನಾಲ್ಡ್ ಎಂಬ ಗುಪ್ತನಾಮದಲ್ಲಿ ಜಾರ್ಜ್ ಮಾಲ್ಕಮ್ ಥಾಮ್ಸನ್ ಬರೆದ ‘ವಿಸ್ಕಿ’ ಎಂಬ ಪುಟ್ಟ ಪುಸ್ತಕ ಕುಡಿಯುವವನ ಪಕ್ಷ ವಹಿಸಿತು. ಜನ ಸವಿಯುವುದನ್ನು ಮರೆತು ಬರಿದೇ ಕುಡಿಯುತ್ತಾರೆ, ಮಾರುವವರು ಬಾಟಲಿಯೊಳಗೆ ಏನಿದೆಯೆಂದು ತಿಳಿಸುವುದಿಲ್ಲ ಎಂಬುದು ಅದರ ದೂರು. ಒಂದೇ ಭಟ್ಟಿಯ ಮಾಲ್ಟ್ ವಿಸ್ಕಿಯನ್ನು ದೇಶದ ಹೊರಗೆ ಗಂಭೀರವಾಗಿ ಮಾರಲು ಗ್ಲೆನ್‌ಫಿಡಿಕ್‌ನವರು ಹೊರಟದ್ದು 1963ರಲ್ಲಿ.

1980ರ ದಶಕದ ಆರಂಭದಲ್ಲಿ ಸ್ಕಾಚಿಗೆ ಕೆಟ್ಟ ಕಾಲ. ಬೇಡಿಕೆ ಕುಸಿದು ಗೋದಾಮುಗಳಲ್ಲಿ ಪೀಪಾಯಿಗಳು ರಾಶಿಬಿದ್ದವು. 1983ರಲ್ಲಿ ಡಿಸ್ಟಿಲರ್ಸ್ ಕಂಪನಿ ಒಂದೇ ಏಟಿಗೆ ಹತ್ತಕ್ಕೂ ಹೆಚ್ಚು ಭಟ್ಟಿಗಳಿಗೆ ಬೀಗ ಹಾಕಿತು. ಐಲಾದ ಪೋರ್ಟ್ ಎಲೆನ್, ಉತ್ತರದ ಬ್ರೋರಾ ಅವುಗಳಲ್ಲಿ ಎರಡು. ಮಿಶ್ರ ವಿಸ್ಕಿಯಲ್ಲಿ ಕರಗಿಹೋಗುತ್ತಿದ್ದ ಆ ಹೆಸರುಗಳು ಹೊರಗಿನವರಿಗೆ ಗೊತ್ತೇ ಇರಲಿಲ್ಲ. ಹಾಗಾಗಿ ಅತ್ತವರೂ ಹೆಚ್ಚಿರಲಿಲ್ಲ. ಕೆಲಸ ಕಳೆದುಕೊಂಡ ಊರಿನವರ ಮಾತು ಬೇರೆ.

ಅದೇ 1983ರಲ್ಲಿ ಎಡಿನ್‌ಬರೋದ ಬಂದರು ಲೀತ್‌ನಲ್ಲಿ ‘ಸ್ಕಾಚ್ ಮಾಲ್ಟ್ ವಿಸ್ಕಿ ಸೊಸೈಟಿ’ ಹುಟ್ಟಿತು. ಪಿಪ್ ಹಿಲ್ಸ್ ಎಂಬಾತ ಕೆಲವು ವರ್ಷಗಳ ಹಿಂದೆ ಗೆಳೆಯರ ಜೊತೆ ಚಂದಾ ಎತ್ತಿ ಗ್ಲೆನ್‌ಫಾರ್ಕ್ಲಸ್ ಭಟ್ಟಿಯಿಂದ ಒಂದು ಪೀಪಾಯಿ ಕೊಂಡುತಂದದ್ದು ಅದರ ಬೀಜ. ಸೊಸೈಟಿಯ ಬಾಟಲಿಗಳ ಮೇಲೆ ಭಟ್ಟಿಯ ಹೆಸರು ಇರುವುದಿಲ್ಲ. ಎರಡು ಸಂಖ್ಯೆಗಳಿರುತ್ತವೆ: ಮೊದಲನೆಯದು ಭಟ್ಟಿಗೆ, ಎರಡನೆಯದು ಪೀಪಾಯಿಗೆ. ಜೊತೆಗೆ ರುಚಿಪರೀಕ್ಷಕರ ಮಂಡಳಿ ಬರೆದ ವರ್ಣನೆ. ತಮ್ಮ ಹೆಸರನ್ನು ಇತರರು ಬಳಸುವುದು ಭಟ್ಟಿಗಳಿಗೆ ಇಷ್ಟವಿಲ್ಲವೆಂಬ ವ್ಯಾವಹಾರಿಕ ಕಾರಣದಿಂದ ಬಂದ ಏರ್ಪಾಟು ಇದು. ಪರಿಣಾಮ ಮಾತ್ರ ದೊಡ್ಡದು. ನಮ್ಮ ಸಾರ್ವಜನಿಕ ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವವರಿಗೆ ವಿದ್ಯಾರ್ಥಿಯ ಹೆಸರು, ಊರು, ಜಾತಿ ಕಾಣದಂತೆ ನೋಂದಣಿ ಸಂಖ್ಯೆ ಇರುವುದಿಲ್ಲವೇ? ಇಲ್ಲಿಯೂ ಅಂಕ ಬರಹಕ್ಕೆ, ಮನೆತನಕ್ಕಲ್ಲ.

1989ರಲ್ಲಿ ಮೈಕೇಲ್ ಜಾಕ್ಸನ್ ಮಾಲ್ಟ್ ವಿಸ್ಕಿಗಳ ಕೈಪಿಡಿಯೊಂದನ್ನು ತಂದರು. ಹಾಡಿ ಕುಣಿದ ಜಾಕ್ಸನ್ ಅಲ್ಲ, ಯಾರ್ಕ್‌ಶೈರಿನ ಪತ್ರಕರ್ತ. ಪ್ರತಿಯೊಂದು ವಿಸ್ಕಿಯ ಬಣ್ಣ, ವಾಸನೆ, ಮೈಕಟ್ಟು, ರುಚಿ, ಕೊನೆಗೆ ಬಾಯಲ್ಲಿ ಉಳಿಯುವ ಗುಣವನ್ನು ಬರೆದು ನೂರಕ್ಕೆ ಇಷ್ಟೆಂದು ಅಂಕ ಕೊಟ್ಟರು. ಆ ವರ್ಣನೆಗಳನ್ನೇ ಅಂಕಿಗಳಾಗಿಸಿ ಕೆನಡಾದ ಇಬ್ಬರು ವಿಜ್ಞಾನಿಗಳು 1994ರಲ್ಲಿ 109 ವಿಸ್ಕಿಗಳ ವಂಶವೃಕ್ಷ ಬಿಡಿಸಿದರು. 2002ರಲ್ಲಿ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದ ಡೇವಿಡ್ ವಿಷರ್ಟ್ 86 ಮಾಲ್ಟುಗಳನ್ನು 12 ಗುಣಗಳ ಮೇಲೆ ಅಳೆದು ಗುಂಪು ಮಾಡಿದಾಗ, ಅಕ್ಕಪಕ್ಕದ ಭಟ್ಟಿಗಳು ಬೇರೆ ಬೇರೆ ಗುಂಪಿಗೂ, ದೂರದವು ಒಂದೇ ಗುಂಪಿಗೂ ಸೇರಿದವು. ಊರಿನ ಹೆಸರು ಕೇಳಿ ರುಚಿ ಹೇಳುವ ಪದ್ಧತಿಗೆ ಇದು ಪೆಟ್ಟು.

ಬೀಗ ಬಿದ್ದ ಭಟ್ಟಿಗಳ ಕತೆಯೂ ಇಲ್ಲಿಗೆ ಮುಗಿಯಲಿಲ್ಲ. ಗೋದಾಮಿನಲ್ಲಿ ಉಳಿದಿದ್ದ ಪೋರ್ಟ್ ಎಲೆನ್, ಬ್ರೋರಾ ಪೀಪಾಯಿಗಳು ಒಂದೊಂದಾಗಿ ಹವ್ಯಾಸಿಗಳ ಲೋಟಕ್ಕೆ ಬಂದಾಗ, ಇಂಥದ್ದನ್ನು ಏಕೆ ಮುಚ್ಚಿದರು ಎಂಬ ಪ್ರಶ್ನೆ ಎದ್ದಿತು. ಬೆಲೆ ಗಗನಕ್ಕೇರಿತು. ಬ್ರೋರಾ 2021ರಲ್ಲಿ, ಪೋರ್ಟ್ ಎಲೆನ್ 2024ರಲ್ಲಿ ಮತ್ತೆ ಒಲೆ ಹೊತ್ತಿಸಿದವು. ಲೆಕ್ಕಪತ್ರ ಕೊಟ್ಟ ಮರಣದಂಡನೆಯನ್ನು ನಾಲ್ಕು ದಶಕದ ಬಳಿಕ ನಾಲಿಗೆ ರದ್ದುಪಡಿಸಿತು ಎನ್ನಬಹುದು.

ಪೂರ್ವದಿಂದ ಬಂದ ಲೋಟ

ಹೆಸರು ಮುಚ್ಚಿ ನೋಡುವ ಪದ್ಧತಿ ಸ್ಕಾಟ್ಲೆಂಡಿನವರು ಕಲಿಸಿದ್ದು. ಅದು ಅವರಿಗೇ ತಿರುಗಿತು.

ಜಪಾನಿನ ಸಾಕೆ ತಯಾರಿಸುವ ಮನೆತನದ ಮಸತಾಕ ತಾಕೆತ್ಸುರು 1918ರಲ್ಲಿ ಗ್ಲಾಸ್ಗೋಗೆ ಓದಲು ಹೋದ. ಭಟ್ಟಿಗಳಲ್ಲಿ ಕೆಲಸ ಕಲಿತು, ಕಂಡದ್ದನ್ನೆಲ್ಲ ಟಿಪ್ಪಣಿ ಪುಸ್ತಕಗಳಲ್ಲಿ ಬರೆದುಕೊಂಡು, ಸ್ಕಾಟ್ ಯುವತಿ ರೀಟಾಳನ್ನು ಮದುವೆಯಾಗಿ ಮರಳಿದ. 1923ರಲ್ಲಿ ಆರಂಭವಾದ ಯಾಮಝಾಕಿ ಭಟ್ಟಿ ಕಟ್ಟಲು ನೆರವಾಗಿ, 1934ರಲ್ಲಿ ಉತ್ತರದ ಯೋಯಿಚಿಯಲ್ಲಿ ತನ್ನದೇ ಸಂಸ್ಥೆ ಆರಂಭಿಸಿದ. 2001ರಲ್ಲಿ ಬ್ರಿಟನ್ನಿನ ‘ವಿಸ್ಕಿ ಮ್ಯಾಗಜೀನ್’ ಹೆಸರು ಮುಚ್ಚಿ ನಡೆಸಿದ ಸ್ಪರ್ಧೆಯಲ್ಲಿ ಎಲ್ಲಕ್ಕಿಂತ ಮೇಲೆ ಬಂದದ್ದು ಯೋಯಿಚಿಯ ಹತ್ತು ವರ್ಷದ ವಿಸ್ಕಿ.

2010ರ ಜನವರಿಯಲ್ಲಿ ಸ್ಕಾಟ್ಲೆಂಡಿನ ರಾಷ್ಟ್ರಕವಿ ಬರ್ನ್ಸ್‌ನ ಜಯಂತಿಗೆಂದು ಲಂಡನ್ನಿನ ‘ಟೈಮ್ಸ್’ ಪತ್ರಿಕೆ ಲೀತ್‌ನಲ್ಲೇ ಒಂದು ಪರೀಕ್ಷೆ ಏರ್ಪಡಿಸಿತು. ಹೊಸದಾಗಿ ಬಂದ ಇಂಗ್ಲೆಂಡಿನ ವಿಸ್ಕಿ ಸ್ಕಾಚಿನ ಮುಂದೆ ನಿಲ್ಲುತ್ತದೆಯೇ ಎಂದು ನೋಡುವುದು ಉದ್ದೇಶ. ಪತ್ರಿಕೆಯವರು ನಡುವೆ ತೈವಾನಿನ ಕವಲಾನ್ ಎಂಬ ವಿಸ್ಕಿಯನ್ನೂ ಸೇರಿಸಿದ್ದರು. ಅದೇ ಗೆದ್ದಿತು. ಅಲ್ಲಿದ್ದ ಸ್ಕಾಚುಗಳು ಎಳೆಯವು, ಸಾಧಾರಣ ದರ್ಜೆಯವು ಎಂಬುದನ್ನೂ ಹೇಳಲೇಬೇಕು. ಆದರೆ ಕವಲಾನ್ ಭಟ್ಟಿ ಮದ್ಯ ಇಳಿಸತೊಡಗಿದ್ದೇ 2006ರಲ್ಲಿ.

ಹಿತ್ತಲ ಗಿಡ

ಇನ್ನು ಬೆಂಗಳೂರಿಗೆ ಬರೋಣ. ಭಾರತದಲ್ಲಿ ವಿಸ್ಕಿ ಎಂದು ಮಾರಾಟವಾಗುವುದರ ಬಹುಪಾಲಿಗೆ ಬುನಾದಿ ಬಾರ್ಲಿಯಲ್ಲ, ಕಬ್ಬಿನ ಕಾಕಂಬಿಯಿಂದ ಅಥವಾ ಧಾನ್ಯದಿಂದ ಇಳಿಸಿದ ನಿರ್ಗಂಧ ಮದ್ಯಸಾರ. ಕಾಕಂಬಿಯದನ್ನು ವಿಸ್ಕಿ ಎಂದು ಮಾರಲು ಐರೋಪ್ಯ ಒಕ್ಕೂಟ ಬಿಡುವುದಿಲ್ಲ. 1905ರಲ್ಲಿ ಇಸ್ಲಿಂಗ್ಟನ್ನಿನಲ್ಲಿ ಕೇಳಿದ ಪ್ರಶ್ನೆಯೇ ಇದು. ಹೀಗಾಗಿ ಭಾರತದ ವಿಸ್ಕಿ ಎಂದೊಡನೆ ಹೊರದೇಶದ ಹವ್ಯಾಸಿಗಳು ಮೂಗು ಮುರಿಯುತ್ತಿದ್ದುದರಲ್ಲಿ ಸ್ವಲ್ಪ ನ್ಯಾಯವೂ ಇತ್ತು.

ರಾಧಾಕೃಷ್ಣ ಜಗದಾಳೆ ಅವರು 1948ರಲ್ಲಿ ಸ್ಥಾಪಿಸಿದ ಅಮೃತ್ ಡಿಸ್ಟಿಲರೀಸ್ ಸಂಸ್ಥೆಯ ಭಟ್ಟಿ ಮೈಸೂರು ರಸ್ತೆಯ ಕಂಬೀಪುರದಲ್ಲಿದೆ. ಉತ್ತರ ಭಾರತದ ಬಾರ್ಲಿಯಿಂದ ಇಲ್ಲಿ ಇಳಿಸಿದ ಮಾಲ್ಟ್ ವಿಸ್ಕಿ ಮೊದಮೊದಲು ಸಂಸ್ಥೆಯ ಮಿಶ್ರ ವಿಸ್ಕಿಗಳಿಗೇ ಹೋಗುತ್ತಿತ್ತು. ಅದನ್ನು ಬಿಡಿಯಾಗಿ ಮಾರಬಾರದೇಕೆ ಎಂಬ ಯೋಚನೆ ಬಂದದ್ದು ನೀಲಕಂಠ ಜಗದಾಳೆ ಅವರ ಕಾಲದಲ್ಲಿ. ಇಂಗ್ಲೆಂಡಿನಲ್ಲಿ ಓದುತ್ತಿದ್ದ ಅವರ ಮಗ ಅಲ್ಲಿನ ಬಾರುಗಳಲ್ಲಿ, ಭಾರತೀಯ ಊಟದ ಮನೆಗಳಲ್ಲಿ ಹೆಸರು ಹೇಳದೆ ಈ ವಿಸ್ಕಿಯ ರುಚಿ ತೋರಿಸಿ ಅಭಿಪ್ರಾಯ ಕೇಳಿದರು. ಕುಡಿದವರಿಗೆ ಅದು ಸ್ಕಾಟ್ಲೆಂಡಿನದಲ್ಲ ಎಂಬುದು ಗೊತ್ತಾಗಲಿಲ್ಲ. ವಯಸ್ಸನ್ನೂ ನಿಜಕ್ಕಿಂತ ಬಹಳ ಹೆಚ್ಚಾಗಿಯೇ ಅಂದಾಜು ಮಾಡಿದರು.

ವಯಸ್ಸಿನ ಈ ತಪ್ಪು ಎಣಿಕೆಗೆ ಕಾರಣ ನಮ್ಮ ಹವೆ. ಪೀಪಾಯಿಯ ರಂಧ್ರಗಳಿಂದ ವಿಸ್ಕಿ ಸದಾ ಆವಿಯಾಗುತ್ತಿರುತ್ತದೆ. ಇದನ್ನು ಸ್ಕಾಟರು ‘ದೇವದೂತರ ಪಾಲು’ ಎನ್ನುತ್ತಾರೆ. ಅಲ್ಲಿನ ಚಳಿಯಲ್ಲಿ ವರ್ಷಕ್ಕೆ ಸುಮಾರು ಶೇ 2ರಷ್ಟು ಹೋದರೆ ಬೆಂಗಳೂರಿನಲ್ಲಿ ಶೇ 10ಕ್ಕೂ ಹೆಚ್ಚು ಹೋಗುತ್ತದೆ. ಬಿಸಿಲಿನ ಊರಿನಲ್ಲಿ ಮರದ ಸತ್ವವೂ ಅಷ್ಟೇ ಬೇಗ ಇಳಿಯುತ್ತದೆ. ಅಲ್ಲಿ ಹನ್ನೆರಡು ವರ್ಷ ಕಾಯಬೇಕಾದ ಹದ ಇಲ್ಲಿ ನಾಲ್ಕೈದು ವರ್ಷಕ್ಕೇ ಬರುತ್ತದೆ; ಹನ್ನೆರಡು ವರ್ಷ ಬಿಟ್ಟರೆ ಪೀಪಾಯಿಯ ತಳದಲ್ಲಿ ಏನಾದರೂ ಉಳಿದರೆ ಪುಣ್ಯ. ಎಂಟು ವರ್ಷ ಉಳಿಸಿಕೊಂಡ ಒಂದು ವಿಸ್ಕಿಗೆ ಅಮೃತ್‌ನವರು ‘ದುರಾಸೆಯ ದೇವದೂತರು’ ಎಂಬ ಅರ್ಥದ ಹೆಸರನ್ನೇ ಇಟ್ಟರು. ಬಾಟಲಿಯ ಮೇಲಿನ ವರ್ಷದ ಅಂಕಿ ನೋಡಿ ಬೆಲೆ ಕಟ್ಟುವವರಿಗೆ ಇದು ಪಾಠ.

2004ರ ಆಗಸ್ಟ್ 24ರಂದು ಅಮೃತ್ ಸಿಂಗಲ್ ಮಾಲ್ಟ್ ಬಿಡುಗಡೆಯಾದದ್ದು ಗ್ಲಾಸ್ಗೋದಲ್ಲಿ. ಮೊದಲ ವರ್ಷಗಳಲ್ಲಿ ವ್ಯಾಪಾರ ಕುಂಟಿತು. ಭಾರತದ ಬಾರ್ಲಿಗೆ ಸ್ಕಾಟ್ಲೆಂಡಿನ ಹೊಗೆಯಾಡಿಸಿದ ಬಾರ್ಲಿಯನ್ನೂ ಸೇರಿಸಿದ ‘ಫ್ಯೂಷನ್’ ವಿಸ್ಕಿಯನ್ನು ವಿಮರ್ಶಕ ಜಿಮ್ ಮರ್‍ರೆ ತಮ್ಮ 2010ರ ವಾರ್ಷಿಕ ಕೈಪಿಡಿಯಲ್ಲಿ ಜಗತ್ತಿನ ಮೂರನೆಯ ಅತ್ಯುತ್ತಮ ಎಂದು ಹೆಸರಿಸಿದ ಮೇಲೆ ಗಾಳಿ ತಿರುಗಿತು. ಬೆಂಗಳೂರಿನ ಅಂಗಡಿಗಳಿಗೆ ಅಮೃತ್ ಸಿಂಗಲ್ ಮಾಲ್ಟ್ ಬಂದದ್ದು ಆ 2010ರಲ್ಲಿಯೇ! ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಬೆಂಗಳೂರಿನದೇ ಇನ್ನೊಂದು ಸಂಸ್ಥೆ ಗೋವಾದಲ್ಲಿ ತಯಾರಿಸುವ ಪಾಲ್ ಜಾನ್ ಕೂಡ 2012ರಲ್ಲಿ ಮೊದಲು ಹೊರಟದ್ದು ಲಂಡನ್ನಿಗೆ.

ಹೋಲಿಸಿ ನೋಡುವ ಆಸೆಯುಳ್ಳ ಭಾರತೀಯನಿಗೆ ಬೆಲೆಯೇ ದೊಡ್ಡ ಅಡ್ಡಗೋಡೆಯಾಗಿತ್ತು. ಸ್ಕಾಚ್ ಮೇಲೆ ಶೇ 150ರಷ್ಟಿದ್ದ ಆಮದು ಸುಂಕವನ್ನು ಮೊದಲು ಶೇ 75ಕ್ಕೆ, ಬಳಿಕ ಹತ್ತು ವರ್ಷದಲ್ಲಿ ಶೇ 40ಕ್ಕೆ ಇಳಿಸುವ ಷರತ್ತು 2025ರ ಜುಲೈ 24ರಂದು ಭಾರತ ಮತ್ತು ಬ್ರಿಟನ್ ಸಹಿ ಹಾಕಿದ ವ್ಯಾಪಾರ ಒಪ್ಪಂದದಲ್ಲಿದೆ. 2024ರಲ್ಲಿ ಬಾಟಲಿಗಳ ಲೆಕ್ಕದಲ್ಲಿ ಸ್ಕಾಚಿನ ಅತಿದೊಡ್ಡ ಮಾರುಕಟ್ಟೆ ಭಾರತವೇ ಆಗಿತ್ತು.

ನಾಲಿಗೆಯೂ ಸುಳ್ಳಾಡುತ್ತದೆ

ಹಾಗೆಂದು ಮೂಗು ನಾಲಿಗೆಗಳೇ ಸತ್ಯಹರಿಶ್ಚಂದ್ರರು ಎಂದು ಹೇಳಿಬಿಡುವಂತಿಲ್ಲ. ಕಡುಬಣ್ಣ ಕಂಡರೆ ಹಳೆಯದೆಂದು ಮನಸ್ಸು ನಂಬುತ್ತದೆ. ಸ್ಕಾಚಿಗೆ ಸುಟ್ಟ ಸಕ್ಕರೆಯ ಬಣ್ಣ ಬೆರೆಸಲು ಕಾನೂನಿನ ಒಪ್ಪಿಗೆಯಿದೆ. ಅದಕ್ಕೇ ಕೆಲವರು ಬಣ್ಣದ ಗಾಜಿನ ಲೋಟದಲ್ಲಿ ಪರೀಕ್ಷಿಸುತ್ತಾರೆ. ಮೊದಲ ಗುಟುಕಿಗೂ ಐದನೆಯದಕ್ಕೂ ಒಂದೇ ವಿಸ್ಕಿ ಬೇರೆಯಾಗಿ ಕಾಣುತ್ತದೆ. ಹೆಚ್ಚು ಕುಡಿದವನ ತೀರ್ಪಿಗಂತೂ ಬೆಲೆಯಿಲ್ಲ. ಗಂಭೀರ ಹವ್ಯಾಸಿ ಮಿತವಾಗಿ ಸವಿದು, ಬೇಕಾದರೆ ಉಗುಳಿ, ಬರೆದಿಡುತ್ತಾನೆ. ಮದ್ಯಕ್ಕೆ ಅಪಾಯವಿಲ್ಲದ ಮಿತಿ ಎಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದ್ದನ್ನೂ ಈ ಮಾತಿನ ಪಕ್ಕದಲ್ಲೇ ಇಡಬೇಕು.

ಇನ್ನೊಂದು ವಿಪರ್ಯಾಸವಿದೆ. ಹೆಸರಿನ ಮೋಹ ಬಿಡಿಸಲು ಹೊರಟ ಹವ್ಯಾಸವೇ ಹೊಸ ಹೆಸರುಗಳ ಮೋಹ ಹುಟ್ಟಿಸಿತು. ವಿಮರ್ಶಕನ ಒಂದು ಅಂಕದಿಂದ ಬೆಲೆ ಏರುತ್ತದೆ. 2023ರ ನವೆಂಬರಿನಲ್ಲಿ 1926ರ ಒಂದು ಮಕ್ಯಾಲನ್ ಬಾಟಲಿ ಲಂಡನ್ನಿನ ಹರಾಜಿನಲ್ಲಿ 21 ಲಕ್ಷ ಪೌಂಡಿಗೂ ಹೆಚ್ಚಿಗೆ ಹೋಯಿತು. ಅಂಥದ್ದನ್ನು ಕೊಂಡವರು ಬಿರಡೆ ತೆಗೆಯುವುದು ಅಪರೂಪ. ತೆರೆಯದ ಬಾಟಲಿಯಲ್ಲಿ ಇರುವುದು ಹೆಸರು ಮಾತ್ರ. ರುಚಿಯ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ.

ಸೇಂಟ್ ಮಾರಿಟ್ಜ್‌ನ ಆ ಕಾದಂಬರಿಕಾರ ಕನಿಷ್ಠ ಬಾಟಲಿ ತೆಗೆಸಿದ. ತೆಗೆಸಿದ್ದರಿಂದಲೇ ನಿಜ ಹೊರಬಂತು. ಇಸ್ಲಿಂಗ್ಟನ್ನಿನ ಕೋರ್ಟು, ಲೀತ್‌ನ ಸಂಖ್ಯೆ ಬರೆದ ಬಾಟಲಿ, ಹೆಸರು ಹೇಳದೆ ಬಡಿಸಿದ ಕಂಬೀಪುರದ ವಿಸ್ಕಿ, ಇವೆಲ್ಲ ಹೇಳುವುದೂ ಅಷ್ಟನ್ನೇ. ಯಾವ ಊರಿನದು, ಎಷ್ಟು ವರ್ಷದ್ದು, ಯಾರ ಮನೆತನದ್ದು ಎಂಬ ಪ್ರಶ್ನೆಗಳನ್ನು ಕೇಳಬಾರದೆಂದಲ್ಲ. ರುಚಿ ನೋಡಿದ ಮೇಲೆ ಕೇಳಿದರಾಯಿತು.